ಎಂಟಿಲ್ಲದ ಸಂಖ್ಯೆ

ನನಗೆ ಮೂಗಿನ ತುದಿಯಲ್ಲೇ ಕೋಪ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಹೇಳಲಿರುವ ಅನಾಹುತಕ್ಕೆ ನಾನು ಬಹಳ ವರ್ಷ ಬೇರೆಯವರನ್ನೇ ಬೈದುಕೊಂಡು ತಿರುಗಿದ್ದೇನೆ. ಪ್ರೆಸ್ಸಿನವರನ್ನು ಬೈದೆ, ಕಾಗದದ ಅಭಾವವನ್ನು ಬೈದೆ, ನನ್ನ ಪತ್ರಕ್ಕೆ ಉತ್ತರ ಬರೆಯದ ಹೆಡ್‌ಮಾಸ್ಟರುಗಳನ್ನು ಬೈದೆ. ಅನಾಹುತವೆಂದರೆ ಯಾರೂ ಸತ್ತಿರಲಿಲ್ಲ, ಯಾವ ಮನೆಯೂ ಬಿದ್ದಿರಲಿಲ್ಲ. ಒಂದು ಅಂಕಿಯ ವಿಷಯ, ಅಷ್ಟೆ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದೆ. ಕನ್ನಡ ಮಾಧ್ಯಮದ ಶಾಲೆ. ಮಾರ್ಕೆಟ್ಟಿನಲ್ಲಿ ಹೂ ಮಾರುವವರ ಮಕ್ಕಳು, ಕಾಟನ್‌ಪೇಟೆಯ ಮಂಡಿಗಳಲ್ಲಿ ಮೂಟೆ ಹೊರುವವರ ಮಕ್ಕಳು, ಬಸ್ಸಿನ ಕಂಡಕ್ಟರುಗಳ ಮಕ್ಕಳು ನನ್ನ ಕ್ಲಾಸಿನಲ್ಲಿದ್ದರು. ಮನೆಯಲ್ಲಿ ಮೊಳ ಹಾಕಿ ಹೂ ಅಳೆಯುವಾಗ ಒಂದು ಚೂರೂ ತಪ್ಪದ ಹುಡುಗಿ ಬೋರ್ಡಿನ ಮುಂದೆ ಬಂದು ನಿಂತರೆ ಸೀಮೆಸುಣ್ಣ ಹಿಡಿದ ಕೈ ನಡುಗುತ್ತಿತ್ತು. ಲೆಕ್ಕ ಕಷ್ಟವೆಂದಲ್ಲ, ತಪ್ಪಾದರೆ ಏನು ಗತಿ ಎಂದು.

ಆ ನಡುಕ ನನಗೆ ಚೆನ್ನಾಗಿ ಗೊತ್ತು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಒಂದು ಭಾಗಾಕಾರದ ಲೆಕ್ಕಕ್ಕೆ ನನಗೆ ಬಂದ ಉತ್ತರವೇ ಬೇರೆ, ಪುಸ್ತಕದ ಕೊನೆಯಲ್ಲಿ ಅಚ್ಚಾಗಿದ್ದ ಉತ್ತರವೇ ಬೇರೆ. ಮೂರು ಸಲ ಮಾಡಿದೆ, ಮೂರು ಸಲವೂ ನನ್ನದೇ ಬಂತು. ಮೇಷ್ಟ್ರು ಗೆಣ್ಣಿನ ಮೇಲೆ ರೂಲರಿನಿಂದ ಬಾರಿಸಿದರು. ಮನೆಗೆ ಬಂದು ಅಪ್ಪನಿಗೆ ತೋರಿಸಿದೆ. ಅಪ್ಪ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದರು, ಓದು ಬರುತ್ತಿರಲಿಲ್ಲ. ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, "ಅಚ್ಚಾಗಿರೋದು ಎಲ್ಲಾದ್ರೂ ತಪ್ಪಾಯ್ತದಾ ಮಗಾ?" ಎಂದರು. ಮುಂದಿನ ವರ್ಷ ಹೊಸ ಪುಸ್ತಕ ಬಂತು. ವಠಾರದ ಇನ್ನೊಂದು ಹುಡುಗಿಯ ಕೈಯಿಂದ ಅದನ್ನು ಇಸಿದುಕೊಂಡು ಕೊನೆಯ ಪುಟ ತಿರುವಿದೆ. ಅಲ್ಲಿ ನನ್ನ ಉತ್ತರ ಅಚ್ಚಾಗಿತ್ತು. ಆ ನಡುವಿನ ಒಂದು ವರ್ಷ ನಾನು, ನನಗೆ ಭಾಗಾಕಾರ ಬರುವುದಿಲ್ಲ, ಮುಂದೆಂದೂ ಬರುವುದೂ ಇಲ್ಲ ಎಂದೇ ನಂಬಿಕೊಂಡು ಓಡಾಡಿದ್ದೆ. ಪೆಟ್ಟು ಮರೆತುಹೋಗಿದೆ, ಆ ನಂಬಿಕೆ ಮರೆತಿಲ್ಲ.

ಆದ್ದರಿಂದ ನನ್ನ ಹುಡುಗಿಯರಿಗಾಗಿ ಒಂದು ಪುಸ್ತಿಕೆ ಬರೆಯಬೇಕೆಂದು ಹೊರಟಾಗ ನಾನು ಇಟ್ಟುಕೊಂಡದ್ದು ಒಂದೇ ಹಟ. ಅದರಲ್ಲಿ ಒಂದೂ ಅಚ್ಚಿನ ತಪ್ಪಿರಬಾರದು. ನನ್ನ ಪುಸ್ತಕ ಹಿಡಿದ ಯಾವ ಮಗುವೂ ತನ್ನ ಸರಿಯನ್ನು ತಪ್ಪೆಂದುಕೊಳ್ಳಬಾರದು.

ಮೂವತ್ತೆರಡು ಪುಟ, ಒಂದೇ ಒಂದು ಸಂಖ್ಯೆಯ ಬಗ್ಗೆ. ಒಂದು ಕೋಟಿ ಇಪ್ಪತ್ತಮೂರು ಲಕ್ಷದ ನಲವತ್ತೈದು ಸಾವಿರದ ಆರುನೂರ ಎಪ್ಪತ್ತೊಂಬತ್ತು. ಹೇಳುವಾಗ ಉಸಿರು ಕಟ್ಟುತ್ತದೆ, ಬರೆದರೆ ಸಲೀಸು: ೧೨೩೪೫೬೭೯. ಇದನ್ನು ಒಂಬತ್ತರಿಂದ ಗುಣಿಸಿದರೆ ಒಂಬತ್ತು ಒಂದುಗಳು ಸಾಲಾಗಿ ಬಂದು ನಿಲ್ಲುತ್ತವೆ: ೧೧೧೧೧೧೧೧೧. ಹದಿನೆಂಟರಿಂದ ಗುಣಿಸಿದರೆ ಎಲ್ಲವೂ ಎರಡು. ಅರವತ್ತಮೂರರಿಂದ ಗುಣಿಸಿದರೆ ಎಲ್ಲವೂ ಏಳು. ನಿನಗೆ ಯಾವ ಅಂಕಿ ಇಷ್ಟವೋ ಅದನ್ನು ಒಂಬತ್ತರಿಂದ ಗುಣಿಸಿಕೋ, ಬಂದದ್ದರಿಂದ ಈ ಸಂಖ್ಯೆಯನ್ನು ಗುಣಿಸು, ನಿನ್ನ ಅಂಕಿ ಒಂಬತ್ತು ಸಲ ಬರುತ್ತದೆ. ಈ ಸಂಖ್ಯೆಯನ್ನು ಒಡೆದು ನೋಡಿದರೆ ಒಳಗೆ ಎರಡೇ ಅವಿಭಾಜ್ಯ ಸಂಖ್ಯೆಗಳಿವೆ. ಒಂದು ಮೂವತ್ತೇಳು, ಇನ್ನೊಂದು ಮೂರು ಲಕ್ಷದ ಮೂವತ್ತಮೂರು ಸಾವಿರದ ಆರುನೂರ ಅರವತ್ತೇಳು. ಎರಡನೆಯದನ್ನು ಮತ್ತೆ ಒಡೆಯಲಾಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಲು ನಾನು ಒಂದು ಬೇಸಿಗೆ ರಜೆಯೆಲ್ಲ ಭಾಗಿಸಿ ಭಾಗಿಸಿ ಮೂರು ನೋಟ್‌ಬುಕ್ಕು ತುಂಬಿಸಿದ್ದೆ. ಯಾರೋ ಎಲ್ಲೋ ಬರೆದಿಟ್ಟದ್ದನ್ನು ನಂಬಿ ಬರೆಯುವ ಜಾಯಮಾನ ನನ್ನದಲ್ಲ.

ಈ ಸಂಖ್ಯೆಯಲ್ಲಿ ಎಂಟು ಇಲ್ಲ. ಒಂದರಿಂದ ಏಳರವರೆಗೆ ಸಾಲಾಗಿ ಬಂದು, ಎಂಟನ್ನು ಹಾರಿ ಒಂಬತ್ತಕ್ಕೆ ಹೋಗುತ್ತದೆ. ಇದನ್ನು ನಾನು ಪುಸ್ತಿಕೆಯಲ್ಲಿ ಎಲ್ಲೂ ಹೇಳಲಿಲ್ಲ. ಎಲ್ಲವನ್ನೂ ನಾವೇ ಹೇಳಿಬಿಟ್ಟರೆ ಮಕ್ಕಳಿಗೆ ಉಳಿಯುವುದೇನು? ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ಮಾತ್ರ ಇಟ್ಟಿದ್ದೆ: "ಈ ಸಂಖ್ಯೆಯಲ್ಲಿ ನಿನಗೆ ವಿಚಿತ್ರವೆನಿಸಿದ್ದೇನು?" ಬಹಳ ಜಾಣತನವೆಂದುಕೊಂಡಿದ್ದೆ. ಅತಿಜಾಣರನ್ನು ಗಾದೆಗಳು ಸುಮ್ಮನೆ ಹಂಗಿಸುವುದಿಲ್ಲ.

ಪ್ರೆಸ್ಸು ಶಾಲೆಗೆ ಹತ್ತಿರದಲ್ಲೇ, ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿತ್ತು. ಅಚ್ಚಿನ ಮೊಳೆ ಜೋಡಿಸುವವರು ಒಬ್ಬರೇ, ಐವತ್ತೈದು ದಾಟಿದ ಹಿರಿಯರು. ಎಲ್ಲರೂ ಯಜಮಾನರೆಂದೇ ಕರೆಯುತ್ತಿದ್ದರು, ಪ್ರೆಸ್ಸಿನ ಮಾಲೀಕರು ಬೇರೆ. ಎದುರಿಗೆ ಸಣ್ಣ ಸಣ್ಣ ಖಾನೆಗಳ ಮರದ ಕೇಸು. ಒಂದೊಂದು ಖಾನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ. ಅವರು ಕೇಸಿನ ಕಡೆ ನೋಡುತ್ತಲೇ ಇರಲಿಲ್ಲ, ಕೈ ತಾನೇ ಹೋಗಿ ಬೇಕಾದದ್ದನ್ನು ಹೆಕ್ಕಿ ತರುತ್ತಿತ್ತು. ಮೂವತ್ತು ವರ್ಷದ ಕೆಲಸದಲ್ಲಿ ತಮ್ಮ ಕೈಯಿಂದ ಒಂದು ಒತ್ತು, ಒಂದು ದೀರ್ಘ ಬಿಟ್ಟುಹೋಯಿತೆಂದು ಯಾರೂ ಹೇಳಿಲ್ಲ ಎಂಬುದು ಅವರ ಹೆಮ್ಮೆ. ಅಂಥವರು ಸಿಕ್ಕಿದ್ದು ನನ್ನ ಪುಣ್ಯ ಎಂದುಕೊಂಡೆ.

ಮೊದಲ ಪ್ರೂಫ್ ಬಂತು. ತೆರೆದು ನೋಡಿದರೆ ಆ ಸಂಖ್ಯೆ ಬರುವ ಹದಿನಾಲ್ಕು ಕಡೆಯಲ್ಲೂ ೧೨೩೪೫೬೭೮೯. ಎಲ್ಲಿ ನೋಡಿದರೂ ಎಂಟು. ನನಗೆ ಮೈಯೆಲ್ಲ ಉರಿಯಿತು. ಕೆಂಪು ಇಂಕಿನಲ್ಲಿ ಒಂದೊಂದು ಎಂಟರ ಮೇಲೂ ಗೀಟು ಎಳೆದೆ. ಪರೀಕ್ಷೆಯ ಕಾಲ, ಉತ್ತರಪತ್ರಿಕೆಗಳ ಕಟ್ಟು ಮನೆಯಲ್ಲಿ ಕಾಯುತ್ತಿತ್ತು. ಶಾಲೆ ಬಿಟ್ಟ ಮೇಲೆ ಪ್ರೆಸ್ಸಿಗೆ ಹೋದೆ. ಯಜಮಾನರು ಕಾಫಿಗೆ ಹೋಗಿದ್ದರು. ಮಾಲೀಕರ ಮೇಜಿನ ಮೇಲೆ ಪ್ರೂಫ್ ಇಟ್ಟು ಬಂದೆ. ಹತ್ತು ನಿಮಿಷ ಕಾದಿದ್ದರೆ ಆಗುತ್ತಿತ್ತು. ಕಾಯುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ಎರಡನೇ ಪ್ರೂಫ್ ಬರುವ ದಿನ ನನ್ನ ತಲೆ ಮೊದಲೇ ಕೆಟ್ಟಿತ್ತು. ಸ್ಟಾಫ್ ರೂಮಿನಲ್ಲಿ ಲೆಕ್ಕದ ಹಿರಿಯ ಮೇಷ್ಟ್ರು ಎಲ್ಲರ ಮುಂದೆ, "ಏನಮ್ಮ, ಕನ್ನಡದಲ್ಲಿ ಗಣಿತ ಬರೀತಿದೀರಂತೆ, ಅದೂ ಒಂದೇ ನಂಬರಿನ ಮೇಲೆ! ಎರಡನೇ ನಂಬರು ಗೊತ್ತಿಲ್ವಾ?" ಎಂದು ನಗೆಯಾಡಿದ್ದರು. ನಾನು ನಗಲಿಲ್ಲ. ಹಾಗೇ ಪ್ರೆಸ್ಸಿಗೆ ಹೋಗಿ ಪ್ರೂಫ್ ಇಸಿದುಕೊಂಡು ಅಲ್ಲೇ ಬಾಗಿಲ ಹತ್ತಿರ ನಿಂತು ನೋಡಿದೆ. ಎಂಟು ಎಲ್ಲ ಕಡೆಯೂ ಹೋಗಿತ್ತು. ಸಮಾಧಾನವಾಗಬೇಕು, ಅಷ್ಟರಲ್ಲಿ ಮೊದಲ ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ದುಂಡಗೆ ಬರೆದದ್ದು ಕಣ್ಣಿಗೆ ಬಿತ್ತು: "೮ ಹಾಕಲೇ?"

ಹದಿನಾಲ್ಕು ಸಲ ಹೊಡೆದುಹಾಕಿದ ಮೇಲೂ ಹಾಕಲೇ ಎಂದು ಕೇಳುವುದೆಂದರೇನು? ಕೆಂಪು ಪೆನ್ನು ತೆಗೆದು ಅದರ ಪಕ್ಕದಲ್ಲೇ ಬರೆದೆ: "ಕೇಳಬೇಡಿ!" ಅಡಿಯಲ್ಲಿ ಎರಡು ಗೀಟು. ಕೊನೆಯ ಪುಟದಲ್ಲಿ "ಅಚ್ಚು ಮಾಡಬಹುದು" ಎಂದು ಸಹಿ ಹಾಕಿದೆ. ಯಜಮಾನರು ಒಳಗೆ ಬೆನ್ನು ತಿರುಗಿಸಿಕೊಂಡು ಮೊಳೆ ಜೋಡಿಸುತ್ತಿದ್ದರು. ಅವರ ಕಡೆ ನೋಡದೆ, ಪ್ರೂಫನ್ನು ಮಾಲೀಕರ ಕೈಗೆ ಕೊಟ್ಟು ಬಂದೆ.

ಪುಸ್ತಿಕೆ ಅಚ್ಚಾಗಿದೆ ಎಂದು ತಿಳಿದ ದಿನ ಅರ್ಧ ದಿನ ರಜೆ ಹಾಕಿ ಹೋದೆ. ಕಂದುಬಣ್ಣದ ರಟ್ಟು, ಅದರ ಮೇಲೆ ನನ್ನ ಹೆಸರು. ಅಪ್ಪ ಆಗ ಇರಲಿಲ್ಲ. ಇದ್ದಿದ್ದರೆ ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದರು. ಮೊದಲ ಪುಟ ತೆರೆದೆ.

೧೨೩೪೫೬೭೮೯.

ಮಿಕ್ಕ ಅಂಕಿಗಳೆಲ್ಲ ಸ್ವಲ್ಪ ಮಾಸಲು. ಎಂಟು ಮಾತ್ರ ಕಪ್ಪಗೆ, ಚೂಪಾಗಿ, ಮದುವೆ ಮನೆಗೆ ಬಂದ ಹೊಸ ಅಳಿಯನ ಹಾಗೆ ಎದ್ದು ಕಾಣುತ್ತಿತ್ತು. ಹದಿನಾಲ್ಕು ಕಡೆಯೂ ಹಾಗೆಯೇ. ನಾನು ಕೂಗಿದ ಕೂಗಿಗೆ ಅಚ್ಚುಹಾಕುವ ಟ್ರೆಡಲ್ ಮೆಷಿನ್ನು ನಿಂತಿತು.

"ಯಾರ್ರೀ ಇದನ್ನ ಹಾಕಿದ್ದು? ಬೇಡ ಬೇಡ ಅಂತ ಹೊಡೆದುಹಾಕಿದೀನಿ, ಕಣ್ಣು ಕಾಣಲ್ವಾ ನಿಮಗೆ?"

ಯಜಮಾನರು ಕೈ ಒರೆಸಿಕೊಳ್ಳುತ್ತ ಎದ್ದು ಬಂದರು. ನಾನು ಬೈಯುತ್ತಿದ್ದೇನೆ ಎಂಬುದೇ ಅವರಿಗೆ ಮೊದಲು ಅರ್ಥವಾಗಲಿಲ್ಲ.

"ಅಮ್ಮಾ, ನೀವು ಬರೆಯೋವಾಗ ಎಂಟು ಬಿಟ್ಟಿದ್ರಿ. ಅವಸರದಲ್ಲಿ ಎಲ್ರೂ ಏನಾದ್ರೂ ಬಿಟ್ಟಿರ್ತಾರೆ, ನಾನೇ ಸೇರಿಸ್ಕೋತೀನಿ. ಪ್ರೂಫ್‌ನಲ್ಲಿ ಎಂಟರ ಮೇಲೆ ಗೀಟು ಹಾಕಿದ್ರಿ. ನಮ್ಮ ಎಂಟರ ಮೊಳೆ ಸವೆದುಹೋಗಿತ್ತು, ಮುರುಕು ಮುರುಕಾಗಿ ಬಿದ್ದಿತ್ತು. ಅದಕ್ಕೇ ಹೊಡೆದಿದೀರಿ ಅಂದ್ಕೊಂಡು ಎಲ್ಲಾ ತೆಗೆದೆ. ಬೇರೆ ಎಂಟು ಹಾಕ್ಲಾ ಅಂತ ಕೇಳ್ದೆ."

"ನಾನು ಏನು ಬರೆದೆ?"

"ಕೇಳಬೇಡಿ ಅಂತ ಬರೆದ್ರಿ. ಎರಡು ಗೀಟು ಬೇರೆ ಎಳೆದಿದ್ರಿ." ಅವರು ಮೆಲ್ಲಗೆ ಹೇಳಿದರು. "ಇಷ್ಟು ಸಣ್ಣದಕ್ಕೂ ಕೇಳೋದೇನು, ಹಾಕ್ಬಿಡಿ ಅಂತ ತಾನೆ ಅಮ್ಮಾ? ನಮ್ಮಲ್ಲಿ ಒಳ್ಳೇ ಎಂಟು ಇರ್ಲಿಲ್ಲ. ಹಿಂದಿನ ಬೀದಿ ಪ್ರೆಸ್‌ಗೆ ಹೋಗಿ ಇಸ್ಕೊಂಡು ಬಂದೆ."

ಆ ಪ್ರೂಫನ್ನು ಅಲ್ಲೇ ಗೋಡೆಯ ಮೊಳೆಗೆ ಸಿಕ್ಕಿಸಿ ತೂಗುಹಾಕಿದ್ದರು. ನೋಡಿದೆ. "೮ ಹಾಕಲೇ?" "ಕೇಳಬೇಡಿ!" ಈಗ ಓದಿದರೆ ನನಗೂ ಹಾಗೆಯೇ ಕೇಳಿಸಿತು. 'ಬೇಡ' ಎಂದು ಬರೆದಿದ್ದರೆ ಎರಡೇ ಅಕ್ಷರ. ಸಿಟ್ಟಿಗೆ ಎರಡಕ್ಷರ ಸಾಲಲಿಲ್ಲ.

ಸೋಲೊಪ್ಪುವವಳೇನಲ್ಲ ನಾನು. "ಈ ಸಂಖ್ಯೇಲಿ ಎಂಟು ಇಲ್ಲ ಯಜಮಾನ್ರೇ! ಇರಬಾರದು!" ಎಂದು ರೇಗಿದೆ.

"ಎಂಟು ಎಲ್ಲಿಗೆ ಹೋಯ್ತಮ್ಮಾ?" ಎಂದು ಕೇಳಿದರು. ಅದರಲ್ಲಿ ಕುಹಕವಿರಲಿಲ್ಲ. ನನ್ನ ಹುಡುಗಿಯರಲ್ಲಿ ಒಬ್ಬಳು ಕೇಳಲಿ ಎಂದು ನಾನು ಕಾದು ಕುಳಿತಿದ್ದ ಪ್ರಶ್ನೆಯೇ ಅದು.

ಒಂದನ್ನು ಎಂಬತ್ತೊಂದರಿಂದ ಭಾಗಿಸಿದರೆ ದಶಮಾಂಶದಲ್ಲಿ ಒಂದು ಸೊನ್ನೆ, ಆಮೇಲೆ ಈ ಸಂಖ್ಯೆ, ಮತ್ತೆ ಸೊನ್ನೆ, ಮತ್ತೆ ಇದೇ ಸಂಖ್ಯೆ, ಹೀಗೆ ಮುಗಿಯದೆ ಬರುತ್ತಲೇ ಇರುತ್ತದೆ. ಅದನ್ನು ಕಾಗದದ ಚೂರಿನ ಮೇಲೆ ಬರೆದು ತೋರಿಸಿದೆ. "ಅಸಲಿಗೆ ಇದು ಒಂದು, ಎರಡು, ಮೂರು ಅಂತ ಎಣಿಸ್ಕೊಂಡು ಹೋಗ್ತಿದೆ. ಒಂದೊಂದು ಅಂಕಿಗೂ ಒಂದೊಂದೇ ಮನೆ. ಒಂಬತ್ತರವರೆಗೂ ತೊಂದರೆ ಇಲ್ಲ. ಆಮೇಲೆ ಹತ್ತು ಬರತ್ತೆ."

"ಹತ್ತಕ್ಕೆ ಎರಡು ಮೊಳೆ ಬೇಕಲ್ಲಮ್ಮಾ," ಎಂದರು ತಟ್ಟನೆ. "ಒಂದು ಮನೇಲಿ ಹಿಡಿಸಲ್ಲ."

"ಹೂಂ. ಸೊನ್ನೆ ತನ್ನ ಮನೇಲಿ ಕೂರತ್ತೆ, ಒಂದು ಹಿಂದಿನ ಮನೆಗೆ ಹೋಗತ್ತೆ. ಅಲ್ಲಿ ಒಂಬತ್ತು ಇದೆ. ಒಂಬತ್ತೂ ಒಂದೂ ಹತ್ತು. ಅಲ್ಲೂ ಸೊನ್ನೆ, ದಶಕ ಒಂದು. ಆ ಒಂದು ಅದರ ಹಿಂದಿನ ಮನೆಗೆ ಹೋಗತ್ತೆ. ಅಲ್ಲಿರೋದು ಎಂಟು."

ಅವರು ಬೆರಳಿಟ್ಟು ಎಣಿಸಿದರು.

"ಹಂಗಾದ್ರೆ ಎಂಟು ಎಲ್ಲೂ ಹೋಗಿಲ್ಲ. ಒಂಬತ್ತು ಅಂತ ನಿಂತಿರೋದೇ ಎಂಟು."

"ಅದೇ."

"ಇದನ್ನ ಮೊದ್ಲೇ ಒಂದು ಮಾತು ಹೇಳಿದ್ರೆ ನಾನ್ಯಾಕಮ್ಮಾ ಎಂಟು ಹುಡುಕ್ಕೊಂಡು ಹೋಗ್ತಿದ್ದೆ?"

ಇಡೀ ಬೆಂಗಳೂರಿನಲ್ಲಿ ಆ ಪುಸ್ತಿಕೆಯನ್ನು ಮೊದಲು ಓದಿದವರು ಅವರೇ. ಅವರಿಗೆ ಹೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ನನ್ನನ್ನು ಲೆಕ್ಕಕ್ಕಿಲ್ಲದವಳಂತೆ ಕಂಡರೆಂದು ಉರಿದುಬಿದ್ದವಳು, ಪ್ರೆಸ್ಸಿನಲ್ಲಿ ನಾನು ಮಾಡಿದ್ದೇನು? ಆ ದಿನ ಇಷ್ಟೆಲ್ಲ ಯೋಚಿಸಲಿಲ್ಲ. ಆ ದಿನ ಬರೀ ಸಿಟ್ಟು.

ಮರುಮುದ್ರಣಕ್ಕೆ ಕಾಗದವೇ ಇಲ್ಲ ಎಂದರು ಮಾಲೀಕರು. ಅದು ಸುಳ್ಳಲ್ಲ, ಅವೆನ್ಯೂ ರಸ್ತೆಯ ಅಂಗಡಿಗಳಲ್ಲೂ ಕಾಗದಕ್ಕೆ ಆಗ ಅಂಗಲಾಚಬೇಕಿತ್ತು. ತಿದ್ದುಪಡಿಯ ಚೀಟಿ ಅಂಟಿಸೋಣ ಎಂದರು. ಚೀಟಿ ಉದುರಿಹೋಗುತ್ತದೆ, ಮಕ್ಕಳು ಚೀಟಿ ಓದುವುದಿಲ್ಲ ಎಂದೆ. ಕೊನೆಗೆ ಯಜಮಾನರೇ ಬ್ಲೇಡು ತಂದರು. ಎರಡು ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಅವರೂ ನಾನೂ ಎದುರುಬದುರು ಕುಳಿತು, ಒಂದೊಂದು ಪ್ರತಿಯಲ್ಲೂ ಹದಿನಾಲ್ಕು ಎಂಟುಗಳನ್ನು ಕೆರೆದು ತೆಗೆದೆವು. ನಾನು ಕೆರೆದ ಕಡೆ ಕಾಗದ ತೂತಾಗುತ್ತಿತ್ತು. ಅವರು ಕೆರೆದ ಕಡೆ ಬರೀ ಒಂದು ಬಿಳಿಯ ಜಾಗ ಉಳಿಯುತ್ತಿತ್ತು. "ಕೋಪ ಮಾಡ್ಕೊಂಡು ಕೆರೀಬೇಡಿ ಅಮ್ಮಾ, ಕಾಗದ ತಡೆಯಲ್ಲ," ಎಂದು ಎರಡು ಮೂರು ಸಲ ಹೇಳಿದರು. ನಾನು ಕೋಪದಿಂದಲೇ ಕೆರೆದೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. ನಾನು ಪುಸ್ತಿಕೆ ನೋಡಲು ಪ್ರೆಸ್ಸಿಗೆ ಹೋದ ದಿನ ಬೆಳಗ್ಗೆಯೇ ಮಾಲೀಕರು, ಹೇಳಿದ ಹೊತ್ತಿಗೆ ಕೆಲಸ ಮುಗಿಸಿದ ಹೆಮ್ಮೆಯಲ್ಲಿ, ಒಂದು ಕಟ್ಟನ್ನು ನಾನು ಪಟ್ಟಿ ಕೊಟ್ಟಿದ್ದ ಶಾಲೆಗಳಿಗೆ ಕಳಿಸಿಬಿಟ್ಟಿದ್ದರು. ಹದಿನೆಂಟು ಶಾಲೆ, ಹದಿನೆಂಟು ಪ್ರತಿ. ಹದಿನೆಂಟು ಹೆಡ್‌ಮಾಸ್ಟರುಗಳಿಗೂ ಕಾಗದ ಬರೆದೆ, ದಯವಿಟ್ಟು ಪುಸ್ತಿಕೆಯನ್ನು ವಾಪಸು ಕಳಿಸಿ, ಸರಿಯಾದ ಪ್ರತಿ ಕೊಡುತ್ತೇನೆ ಎಂದು. ಹತ್ತಿರವಿದ್ದ ಆರು ಶಾಲೆಗಳಿಗೆ ನಾನೇ ಹೋಗಿ ಬದಲಾಯಿಸಿ ಬಂದೆ. ಒಂದು ಕಡೆ ಗುಮಾಸ್ತರು, "ಒಂದು ಅಂಕಿಗೆ ಇಷ್ಟು ದೂರ ಬಂದ್ರಾ ಮೇಡಂ?" ಎಂದು ಬೆರಗಾದರು. ಮಿಕ್ಕ ಹನ್ನೆರಡು ಶಾಲೆಗಳಿಂದ ಪುಸ್ತಿಕೆಯೂ ಬರಲಿಲ್ಲ, ಕಾಗದವೂ ಬರಲಿಲ್ಲ.

ಎಂಟು ಸೇರಿದರೆ ಏನಾಗುತ್ತದೆ ಎಂದು ನಾನು ಆಗಲೇ ಮಾಡಿ ನೋಡಿದ್ದೆ. ೧೨೩೪೫೬೭೮೯ ಅನ್ನು ಒಂಬತ್ತರಿಂದ ಗುಣಿಸಿದರೆ ೧೧೧೧೧೧೧೧೦೧. ಎಲ್ಲ ಒಂದುಗಳ ನಡುವೆ ಒಂದು ಸೊನ್ನೆ. ಪೂರ್ತಿ ಬೇರೇನಾದರೂ ಬಂದಿದ್ದರೆ ಪುಸ್ತಕದ್ದೇ ಏನೋ ಎಡವಟ್ಟು ಎಂದು ಯಾರಾದರೂ ಅನುಮಾನ ಪಡುತ್ತಿದ್ದರು. ಇದು ಹಾಗಲ್ಲ. ದಶಕ ಹಿಡಿಯುವಾಗ ಎಲ್ಲೋ ಕೈತಪ್ಪಿದೆ ಎಂದು ಮಾಡಿದವರೇ ಅಂದುಕೊಳ್ಳುವಂಥ ತಪ್ಪು. ಇದಕ್ಕಿಂತ ಕೆಟ್ಟ ತಪ್ಪನ್ನು ಬೇಕೆಂದೇ ಹುಡುಕಿದರೂ ಸಿಗುತ್ತಿರಲಿಲ್ಲ.

ಎಂಬತ್ತರ ದಶಕ ಬರುವ ಹೊತ್ತಿಗೆ ಯಜಮಾನರು ಕಣ್ಣು ಮಂಜಾಗಿ ಕೆಲಸ ಬಿಟ್ಟಿದ್ದರು. ನನಗೆ ಮಲ್ಲೇಶ್ವರದ ಒಂದು ಶಾಲೆಗೆ ವರ್ಗವಾಯಿತು. ನನ್ನ ಪಟ್ಟಿಯಲ್ಲಿ ಆ ಶಾಲೆಯೂ ಇತ್ತು ಎಂಬುದು ನೆನಪಾಗದೆ ಹೋದದ್ದು ಹೇಗೋ ತಿಳಿಯದು. ದಸರಾ ರಜೆಗೆ ಎಂಟನೇ ಕ್ಲಾಸಿನವರಿಗೆ, ಲೈಬ್ರರಿಯ ಬೀರುವಿನಿಂದ ಯಾವುದಾದರೂ ಪುಸ್ತಕ ತೆಗೆದುಕೊಂಡು, ಇಷ್ಟವಾದ ಒಂದು ಲೆಕ್ಕ ಮಾಡಿ ತನ್ನಿ ಎಂದಿದ್ದೆ. ರಜೆ ಮುಗಿದ ಮೇಲೆ ನೋಟ್‌ಬುಕ್ಕುಗಳನ್ನು ನೋಡುತ್ತಾ ಕುಳಿತಿದ್ದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿಯದು ತೆರೆದಾಗ ಕೈ ನಿಂತಿತು.

೧೨೩೪೫೬೭೮೯, ಅದರ ಕೆಳಗೆ ಒಂಬತ್ತು, ಗೀಟು. ಗೀಟಿನ ಕೆಳಗೆ ಎಂಟು ಒಂದುಗಳು, ಆಮೇಲೆ ಒಂದು ಅಂಕಿಯಷ್ಟು ಉಜ್ಜಿ ಅಳಿಸಿದ ಜಾಗ, ಆಮೇಲೆ ಕೊನೆಯ ಒಂದು. ಉತ್ತರ ಎಂದು ಬರೆದು ಪಕ್ಕದಲ್ಲಿ: ೧೧೧೧೧೧೧೧೧.

ಅವಳನ್ನು ಕರೆದೆ.

"ಇಲ್ಲಿ ಏನಿತ್ತು?"

ತಲೆ ತಗ್ಗಿಸಿದಳು. "ಸೊನ್ನೆ ಬಂದಿತ್ತು ಮಿಸ್."

"ಎಷ್ಟು ಸಲ ಮಾಡಿದೆ?"

"ನಾಕು ಸಲ. ನಾಕು ಸಲಾನೂ ಸೊನ್ನೇನೇ ಬಂತು. ಪುಸ್ತಕದಲ್ಲಿ ಇರ್ಲಿಲ್ಲ, ಅದಕ್ಕೆ ಅಳಿಸ್ಬಿಟ್ಟೆ." ತಲೆ ಎತ್ತದೆ, "ನಂಗೆ ದಶಕ ಹಿಡಿಯೋಕೆ ಬರಲ್ಲ ಮಿಸ್," ಎಂದಳು.

ಅವಳ ಕೈಯಲ್ಲಿದ್ದ ಪುಸ್ತಿಕೆ ಇಸಿದುಕೊಂಡೆ. ಕಂದು ರಟ್ಟು. ಒಳಗೆ ಎಂಟು ಇನ್ನೂ ಅಷ್ಟೇ ಕಪ್ಪಗೆ, ಅಷ್ಟೇ ಚೂಪಾಗಿತ್ತು.

"ನಿನಗೆ ಬಂದದ್ದೇ ಸರಿ. ಪುಸ್ತಕ ತಪ್ಪು," ಎಂದೆ.

ಅವಳು ನಂಬಲಿಲ್ಲ. ನನ್ನನ್ನು ಸಮಾಧಾನ ಮಾಡುವವಳ ಹಾಗೆ ಮೆಲ್ಲಗೆ ಹೇಳಿದಳು. "ಅಚ್ಚಾಗಿದೆಯಲ್ಲ ಮಿಸ್?"

"ಬರೆದವಳು ನಾನೇ. ನಾನೇ ಹೇಳ್ತಿದೀನಿ, ತಪ್ಪು."

ರಟ್ಟಿನ ಮೇಲಿನ ಹೆಸರು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ನೋಟ್‌ಬುಕ್ಕನ್ನು ತನ್ನ ಕಡೆಗೆ ತಿರುಗಿಸಿಕೊಂಡು, "ಹಾಗಾದ್ರೆ ಸೊನ್ನೆ ವಾಪಸ್ ಬರೀಲಾ ಮಿಸ್?" ಎಂದು ಕೇಳಿದಳು.

"ಬರಿ," ಎಂದೆ.

ಪೆನ್ಸಿಲು ಇಟ್ಟಳು, ಮತ್ತೆ ಎತ್ತಿದಳು. ನಾಲ್ಕು ಸಲ ಬರೆದು ನಾಲ್ಕು ಸಲ ಉಜ್ಜಿದ್ದ ಕಡೆ ಕಾಗದ ತೂತಾಗಿತ್ತು. ಅಲ್ಲಿ ಬರೆಯಲು ಜಾಗವಿರಲಿಲ್ಲ.